ಮಳೆ ಲೆಕ್ಕದ ತಾಲ್ಲೂಕು ಕೋಷ್ಟಕ: ಡಿ ಭಾಷೆಯಲ್ಲಿ ಕಂಪೈಲ್ ಹೊತ್ತಿಗೇ ಕಟ್ಟಿದ ಬಗೆ

ಶಿವಮೊಗ್ಗ ಜಿಲ್ಲೆಯ ತೋಟಗಳಲ್ಲಿ ಬೆಳಿಗ್ಗೆ 8:30ಕ್ಕೆ ಮಳೆಮಾಪಕ ನೋಡಿ ಬರೆದಿಟ್ಟ ಸಾಲುಗಳನ್ನು ತಾಲ್ಲೂಕುವಾರು ಕೂಡಿಸುವ ಸಣ್ಣ ಪ್ರೋಗ್ರಾಂ ಇದು. ಒಂದು ಸಾಲಿಗೆ ನಾಲ್ಕು ಅಂಕಣ: ದಿನಾಂಕ, ತಾಲ್ಲೂಕು, ಊರು, ಮಿ.ಮೀ. ಅಡಿಕೆಗೆ ಕೊಳೆ ರೋಗ ಬರುವ ಮೊದಲೇ ಬೋರ್ಡೋ ದ್ರಾವಣ ಹೊಡೆಯುವವರಿಗೆ ಬೇಕಿರುವುದು ಸತತ ಮಳೆಯ ಲೆಕ್ಕ. ಹಾಗಾಗಿ ಒಂದು ತಾಲ್ಲೂಕಿನ ಮಳೆ ಇನ್ನೊಂದರ ಖಾತೆಗೆ ಬಿದ್ದರೆ ಪ್ರೋಗ್ರಾಂ ಇದ್ದೂ ಪ್ರಯೋಜನವಿಲ್ಲ. ಬರೆದಿರುವುದು ಡಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ; ಬರೆದದ್ದನ್ನು ಯಂತ್ರ ಓಡಿಸಬಲ್ಲ ಬೈನರಿಯಾಗಿ ತಿರುಗಿಸುವುದು ಕಂಪೈಲರ್. ಈ ಕಂತು ಪೂರ್ತಿ ಒಂದೇ ಭಾಗದ ಮೇಲೆ: ತಾಲ್ಲೂಕಿನ ಹೆಸರು ಕೊಟ್ಟರೆ ಸಂಕೇತ ಸಂಖ್ಯೆ ಕೊಡುವ ಕೋಷ್ಟಕ. ಇರುವುದು ಏಳೇ ಹೆಸರು: ಶಿವಮೊಗ್ಗ, ಭದ್ರಾವತಿ, ತೀರ್ಥಹಳ್ಳಿ, ಸಾಗರ, ಹೊಸನಗರ, ಶಿಕಾರಿಪುರ, ಸೊರಬ.

ಮೊದಲ ವಾರ

ಯಾರಿಗಾದರೂ ಮೊದಲು ಹೊಳೆಯುವುದು ಮಾಡ್ಯೂಲಿನ (ಅಂದರೆ ಒಂದು ಸೋರ್ಸ್ ಫೈಲಿನ) ಮೇಲ್ಮಟ್ಟದಲ್ಲಿ ಒಂದು ಅಸೋಸಿಯೇಟಿವ್ ಅರೇ, ಅಂದರೆ ಕೀ ಕೊಟ್ಟರೆ ಅದರ ಬೆಲೆ ಕೊಡುವ ಪಟ್ಟಿ, ಘೋಷಿಸಿ, ಚೌಕ ಆವರಣದೊಳಗೆ ಹೆಸರು, ಕೋಲನ್, ಸಂಖ್ಯೆ ಎಂದು ಬರೆದುಬಿಡುವುದು. ಹೊಸ ಕಂಪೈಲರಿನಲ್ಲಿ ಇದು ನಡೆಯುತ್ತದೆ. ಡಿಎಂಡಿ ಎಂಬ ಕಂಪೈಲರಿನಲ್ಲಿ 2.106ನೇ ಆವೃತ್ತಿಯಿಂದ, ಎಲ್‌ಡಿಸಿಯಲ್ಲಾದರೆ 1.36ರಿಂದ ಮುಂದಕ್ಕೆ. ಅದಕ್ಕಿಂತ ಹಳೆಯದರಲ್ಲಿ 'ಸ್ಥಿರವಲ್ಲದ ಅಭಿವ್ಯಕ್ತಿ' ಎಂಬರ್ಥದ ದೋಷ ತೋರಿಸಿ ನಿಂತುಬಿಡುತ್ತದೆ. ಕಾರಣ ಸರಳ. ಅಸೋಸಿಯೇಟಿವ್ ಅರೇ ಎಂದರೆ ರನ್‌ಟೈಮ್ ಲೈಬ್ರರಿ ಹೀಪ್‌ನಲ್ಲಿ (ಓಡುವಾಗ ಕೇಳಿ ಪಡೆಯುವ ಮೆಮೊರಿಯಲ್ಲಿ) ಕಟ್ಟುವ ಹ್ಯಾಶ್ ಕೋಷ್ಟಕ: ಕೀಯಿಂದ ಲೆಕ್ಕ ಹಾಕಿದ ಒಂದು ಸಂಖ್ಯೆ, ಅಂದರೆ ಹ್ಯಾಶ್, ಯಾವ ಖಾನೆ ಎಂದು ಹೇಳುತ್ತದೆ. ಅದನ್ನು ಬೈನರಿಯ ಡೇಟಾ ಭಾಗದಲ್ಲಿ ಸಿದ್ಧವಾಗಿ ಇಡುವ ದಾರಿ ಕಂಪೈಲರಿಗೆ ಬಹುಕಾಲ ಇರಲಿಲ್ಲ.

ಹಳೆಯ ಕಂಪೈಲರಿರುವ ಯಂತ್ರದಲ್ಲೂ ಇದು ಕಂಪೈಲ್ ಆಗಬೇಕು, ಆದ್ದರಿಂದ ಸುತ್ತುದಾರಿಗಳನ್ನು ನೋಡಲೇಬೇಕಾಯಿತು.

ಎನಮ್, ಅಂದರೆ ಕಂಪೈಲ್ ಹೊತ್ತಿಗೇ ಬೆಲೆ ಗೊತ್ತಿರುವ ಸ್ಥಿರಾಂಕ, ಎಂದು ಘೋಷಿಸಿದರೆ ಹಳೆಯದರಲ್ಲೂ ತಕರಾರಿಲ್ಲದೆ ಕಂಪೈಲ್ ಆಗುತ್ತದೆ. ಆಗುವುದೇ ತೊಂದರೆ. ಎನಮ್‌ಗೆ ವಿಳಾಸವಿಲ್ಲ, ಹೆಸರು ಬಂದ ಕಡೆಯಲ್ಲೆಲ್ಲ ಕಂಪೈಲರ್ ಆ ಬರಹವನ್ನೇ ಮತ್ತೆ ಅಂಟಿಸುತ್ತದೆ. ಲೂಪಿನೊಳಗೆ ಹುಡುಕಿದರೆ ಪ್ರತಿ ಸುತ್ತಿಗೂ ಏಳು ಕೀಗಳ ಹೊಸ ಕೋಷ್ಟಕ ಹೀಪ್‌ನಲ್ಲಿ ಹುಟ್ಟಿ, ಒಮ್ಮೆ ನೋಡಿಸಿಕೊಂಡು ಕಸವಾಗುತ್ತದೆ. ಉತ್ತರ ಮಾತ್ರ ಸರಿಯಾಗಿಯೇ ಬರುತ್ತದೆ, ಹಾಗಾಗಿ ಬೇಗ ಕಣ್ಣಿಗೆ ಬೀಳುವುದಿಲ್ಲ. ಸಾಮಾನ್ಯ ಅರೇಗೂ ಇದೇ ಕಥೆ: ಕೋಷ್ಟಕವನ್ನು ಸ್ಟ್ಯಾಟಿಕ್ ಇಮ್ಯೂಟೆಬಲ್ (ಒಂದೇ ಜಾಗದಲ್ಲಿರುವ, ಬದಲಾಗದ) ಎಂದು ಇಡಿ, ಎನಮ್ ಎಂದು ಬೇಡ.

ಎರಡನೆಯ ದಾರಿ ಮಾಡ್ಯೂಲನ್ನು ಸಿದ್ಧಗೊಳಿಸಲು ತಾನಾಗಿ ಓಡುವ ಮಾಡ್ಯೂಲ್ ಕನ್‌ಸ್ಟ್ರಕ್ಟರ್. 'ಸ್ಟ್ಯಾಟಿಕ್ ದಿಸ್' ಪ್ರತಿ ಥ್ರೆಡ್ಡಿಗೊಮ್ಮೆ (ಒಂದೇ ಪ್ರೋಗ್ರಾಮಿನಲ್ಲಿ ಜೊತೆಜೊತೆಗೆ ನಡೆಯುವ ಓಟಗಳಲ್ಲಿ ಒಂದೊಂದೂ ಥ್ರೆಡ್) ಓಡುತ್ತದೆ, 'ಶೇರ್ಡ್ ಸ್ಟ್ಯಾಟಿಕ್ ದಿಸ್' ಇಡೀ ಪ್ರೋಗ್ರಾಮಿಗೊಮ್ಮೆ. ಇವೆರಡನ್ನು ಅದಲುಬದಲು ಮಾಡಿದರೆ ಸಿಗುವ ದೋಷ ವಿಚಿತ್ರ. ಡಿಯಲ್ಲಿ ಸಾದಾ ಜಾಗತಿಕ ಚರವೆಂದರೆ ಥ್ರೆಡ್ಡಿಗೊಂದು ಪ್ರತಿ. ಅದನ್ನು ಶೇರ್ಡ್ ಆವೃತ್ತಿಯಲ್ಲಿ ತುಂಬಿದರೆ ಮುಖ್ಯ ಥ್ರೆಡ್ಡಿನಲ್ಲಿ ಏಳೂ ಹೆಸರು ಸಿಗುತ್ತವೆ, ಇನ್ನೊಂದು ಥ್ರೆಡ್ಡಿನಲ್ಲಿ ಕೋಷ್ಟಕ ಬರಿದು. ಇಮ್ಯೂಟೆಬಲ್ ಎಂದು ಘೋಷಿಸಿ ಶೇರ್ಡ್ ಆವೃತ್ತಿಯಲ್ಲಿ ತುಂಬುವುದೇ ಸರಿ. ಹಾಗೆ ಮಾಡಿದರೂ ಇನ್ನೊಂದು ಕೊಕ್ಕೆ ಉಳಿಯುತ್ತದೆ: ಕನ್‌ಸ್ಟ್ರಕ್ಟರ್ ಇರುವ ಎರಡು ಮಾಡ್ಯೂಲ್‌ಗಳು ಒಂದನ್ನೊಂದು ಇಂಪೋರ್ಟ್ ಮಾಡಿಕೊಂಡರೆ, ಮೇನ್ ಶುರುವಾಗುವ ಮೊದಲೇ ಚಕ್ರಾವಲಂಬನೆ ಎಂದು ಪ್ರೋಗ್ರಾಂ ನಿಲ್ಲುತ್ತದೆ. ಕಂಪೈಲ್ ಆಗುವಾಗ ಸದ್ದೇ ಇಲ್ಲ.

ಕನ್‌ಸ್ಟ್ರಕ್ಟರಿಗೆ ನಮ್ಮ ಮುಖ್ಯ ಆಕ್ಷೇಪ ಬೇರೆ. ಏಳು ಹೆಸರು ಎಂದಿಗೂ ಬದಲಾಗದವು. ಅವುಗಳಲ್ಲಿ ತಪ್ಪಿದ್ದರೆ ಕಂಪೈಲರೇ ಹೇಳಬೇಕು, ಓಡಿದ ಮೇಲೆ ಗೊತ್ತಾಗಬಾರದು. ಅಸೋಸಿಯೇಟಿವ್ ಅರೇಯ ಬರಹದಲ್ಲಿ ಒಂದೇ ಕೀ ಎರಡು ಸಲ ಬಂದರೂ ಯಾರೂ ಕೇಳುವುದಿಲ್ಲ, ಕೊನೆಯದು ಉಳಿಯುತ್ತದೆ.

ಸಂಖ್ಯೆಯಿಂದ ಹೆಸರಿಗೆ ಹೋಗುವ ಹಿಮ್ಮುಖ ಕೋಷ್ಟಕಕ್ಕೆ ಇಷ್ಟು ತಲೆಬಿಸಿ ಬೇಕಿಲ್ಲ. ಏಳು ಉದ್ದದ ಸ್ಟ್ಯಾಟಿಕ್ ಅರೇ ಘೋಷಿಸಿ, ಸ್ಥಾನ, ಕೋಲನ್, ಹೆಸರು ಎಂದು ಬರೆದರೆ ಆಯಿತು. ಟೈಪ್ ಮಾತ್ರ ಬಿಡಿಸಿ ಬರೆಯಿರಿ. 'ಆಟೋ' ಎಂದು ಬಿಟ್ಟರೆ ಅದೇ ಬರಹ ಅಸೋಸಿಯೇಟಿವ್ ಅರೇ ಆಗಿಬಿಡುತ್ತದೆ. ಬರೆಯದೆ ಬಿಟ್ಟ ಸ್ಥಾನದಲ್ಲಿ ಖಾಲಿ ಸ್ಟ್ರಿಂಗ್ ಸದ್ದಿಲ್ಲದೆ ಕುಳಿತಿರುತ್ತದೆ ಎಂಬುದೂ ನೆನಪಿರಲಿ.

ಎರಡನೇ ವಾರ: ಡಿಕ್ಕಿಯಿಲ್ಲದ ಹ್ಯಾಶ್

ಕೀಗಳೆಲ್ಲ ಮೊದಲೇ ಗೊತ್ತಿರುವಾಗ ಎರಡು ಹೆಸರು ಒಂದೇ ಖಾನೆಗೆ ಬೀಳದ ಹ್ಯಾಶ್ ಹುಡುಕುವ ಕೆಲಸವನ್ನು ಕಂಪೈಲರಿಗೇ ಒಪ್ಪಿಸಬಹುದು. ಡಿಯಲ್ಲಿ ಸಾಮಾನ್ಯ ಫಂಕ್ಷನ್ನನ್ನೇ ಎನಮ್‌ನ ಬೆಲೆಯಾಗಿ ಕರೆದರೆ ಅದು ಕಂಪೈಲ್ ಹೊತ್ತಿನಲ್ಲಿ ಓಡುತ್ತದೆ.

ಇಲ್ಲಿ ಕನ್ನಡದ್ದೇ ಒಂದು ತೊಡಕಿದೆ. ಅಕ್ಷರಗಳನ್ನು ಬೈಟ್ ಆಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಬಿಂದುವಿಗೂ (ಅಕ್ಷರಕ್ಕೋ ಚಿಹ್ನೆಗೋ ಯೂನಿಕೋಡ್ ಕೊಟ್ಟ ಸಂಖ್ಯೆ) 3 ಬೈಟ್. ಮೊದಲನೆಯದು ಯಾವಾಗಲೂ 224, ಎರಡನೆಯದು 178 ಅಥವಾ 179. (ಇಲ್ಲಿನ ಸಂಖ್ಯೆಗಳೆಲ್ಲ ದಶಮಾನದವು.) ಅಂದರೆ 'ಮೊದಲ ಬೈಟ್ ಮತ್ತು ಉದ್ದ' ಎಂಬ ಪುಸ್ತಕದ ಹ್ಯಾಶ್ ಇಲ್ಲಿ ಬರೀ ಉದ್ದದ ಹ್ಯಾಶ್. ಶಿವಮೊಗ್ಗ, ಭದ್ರಾವತಿ ಎರಡೂ 24 ಬೈಟ್. ಸಾಗರ, ಸೊರಬ ಎರಡೂ 12. ತಿರುಳಿರುವುದು ಪ್ರತಿ ಮೂರರ ಕೊನೆಯ ಬೈಟ್‌ನಲ್ಲಿ.

ಆದ್ದರಿಂದ ಮೂರನೆಯ ಬೈಟ್, ಆರನೆಯ ಬೈಟ್ ಮತ್ತು ಒಟ್ಟು ಉದ್ದ, ಇವು ಮೂರನ್ನು ಕೂಡಿಸಿದೆವು:

ಶಿವಮೊಗ್ಗ: 182 + 191 + 24 = 397
ಶಿಕಾರಿಪುರ: 182 + 191 + 27 = 400
ಭದ್ರಾವತಿ: 173 + 166 + 24 = 363
ತೀರ್ಥಹಳ್ಳಿ: 164 + 128 + 30 = 322
ಸಾಗರ: 184 + 190 + 12 = 386
ಸೊರಬ: 184 + 138 + 12 = 334
ಹೊಸನಗರ: 185 + 138 + 18 = 341

ಈಗ ಯಾವ ಸಂಖ್ಯೆಯಿಂದ ಭಾಗಿಸಿದರೆ ಏಳೂ ಶೇಷ ಬೇರೆಬೇರೆಯಾಗುತ್ತವೆ? 7ರಿಂದ ಭಾಗಿಸಿದರೆ ಶಿಕಾರಿಪುರ, ಸಾಗರ ಎರಡಕ್ಕೂ ಶೇಷ 1. 8ರಲ್ಲಿ ತೀರ್ಥಹಳ್ಳಿಗೂ ಸಾಗರಕ್ಕೂ 2. 9ರಲ್ಲಿ ಶಿವಮೊಗ್ಗಕ್ಕೂ ಸೊರಬಕ್ಕೂ 1. 10ರಲ್ಲಿ ಮೇಲಿನ ಕ್ರಮದಲ್ಲೇ 7, 0, 3, 2, 6, 4, 1. ಹತ್ತು ಖಾನೆಗಳಲ್ಲಿ 5, 8, 9 ಖಾಲಿ. ಹುಡುಕುವ ಫಂಕ್ಷನ್ 7ರಿಂದ ಹೊರಟು ಒಂದೊಂದೇ ಏರುತ್ತ ಮೊದಲು ಸಿಕ್ಕ ಸಂಖ್ಯೆಯನ್ನು ಹಿಂತಿರುಗಿಸುತ್ತದೆ. ಇನ್ನೊಂದು ಫಂಕ್ಷನ್ ಆ ಉದ್ದದ ಸ್ಟ್ಯಾಟಿಕ್ ಇಮ್ಯೂಟೆಬಲ್ ಅರೇಯನ್ನು ತುಂಬುತ್ತದೆ. ಹೀಪ್ ಇಲ್ಲ, ಕನ್‌ಸ್ಟ್ರಕ್ಟರ್ ಇಲ್ಲ. ಡಿಯ ರನ್‌ಟೈಮ್ ಲೈಬ್ರರಿಯನ್ನು ಬಿಟ್ಟು ಕಂಪೈಲ್ ಮಾಡುವ, ಹಾಗಾಗಿ ಅಸೋಸಿಯೇಟಿವ್ ಅರೇ ಸಿಗದ ಬೆಟರ್‌ಸಿ ಆಯ್ಕೆಯಲ್ಲೂ ಈ ಅರೇ ಕೆಲಸ ಮಾಡುತ್ತದೆ.

ಖಾನೆ ಸಿಕ್ಕಿದ ಮೇಲೆ ಅಲ್ಲಿರುವ ಹೆಸರನ್ನು ಬಂದ ಹೆಸರಿನೊಂದಿಗೆ ಪೂರ್ತಿ ಹೋಲಿಸಲೇಬೇಕು. ಡಿಕ್ಕಿಯಿಲ್ಲ ಎಂಬ ಭರವಸೆ ಆ ಏಳು ಹೆಸರಿಗೆ ಮಾತ್ರ, ಹೊರಗಿನಿಂದ ಬಂದ ಸ್ಟ್ರಿಂಗಿಗಲ್ಲ. ಹಾಗೆಯೇ, 6 ಬೈಟಿಗಿಂತ ಚಿಕ್ಕದನ್ನು ಮೊದಲೇ ತಳ್ಳಿಹಾಕಿ. ಖಾಲಿ ಅಂಕಣ ಬಂದಾಗ ಆರನೆಯ ಬೈಟ್ ಓದಲು ಹೋದರೆ ಮಿತಿ ಮೀರಿದ ದೋಷ ಬರುತ್ತದೆ. ಕಂಪೈಲರಿಗೆ ರಿಲೀಸ್ ಆಯ್ಕೆ (ಓಡುವಾಗಿನ ಹಲವು ತಪಾಸಣೆ ಬಿಡುವುದು) ಕೊಟ್ಟರೆ ಸೇಫ್ ಎಂದು ಗುರುತಿಸದ ಕೋಡಿನಲ್ಲಿ ಆ ದೋಷವೂ ಬಾರದೆ ಪಕ್ಕದ ಮೆಮೊರಿ ಓದಿಕೊಂಡು ಹೋಗುತ್ತದೆ. ಹುಡುಕುವ ಫಂಕ್ಷನ್ನಿಗೆ ಸೇಫ್ ಗುರುತು ಹಾಕಿದ್ದೇವೆ.

ಆಮೇಲೆ ಎಂಟನೆಯ ಕೀಯಾಗಿ 'ಶಿಮೊಗ್ಗ' ಸೇರಿಸಿ ನೋಡಿದ್ದಾಯಿತು, ಹಳೆಯ ರೂಢಿಯಲ್ಲಿ ಬರೆಯುವವರು ಇನ್ನೂ ಇದ್ದಾರೆ. 182 + 191 + 21 = 394; ಶೇಷ 4, ಸೊರಬದ ಖಾನೆ. ಕಂಪೈಲರ್ ಮತ್ತೆ ಹುಡುಕಿ 27ಕ್ಕೆ ಹೋಗಿ ನಿಂತಿತು. ಎಂಟು ಹೆಸರಿಗೆ 27 ಖಾನೆ! ಕೂಡಿಸುವ ಹ್ಯಾಶ್‌ನ ಬಡತನ ಇದು: ಹೆಸರು ಹೆಚ್ಚಿದಂತೆ ಖಾನೆಗಳು ಅಳತೆ ತಪ್ಪಿ ಹಿಗ್ಗುತ್ತವೆ.

ಮೂರನೇ ವಾರ: ಕೀಯೇ ಕೆಟ್ಟಿದ್ದರೆ

ಕೋಷ್ಟಕ ಸರಿಯಿದ್ದೂ ಕೆಲವು ಫೈಲ್‌ಗಳಲ್ಲಿ ಸೊರಬ ಸಿಗಲಿಲ್ಲ. ಪರದೆಯ ಮೇಲೆ ಕೋಷ್ಟಕದ ಸೊರಬ, ಫೈಲಿನ ಸೊರಬ ಎರಡೂ ಒಂದೇ ಥರ ಕಾಣುತ್ತವೆ. ಬೈಟ್ ಎಣಿಸಿದರೆ ಒಂದು 12, ಇನ್ನೊಂದು 15.

ಒ ಸ್ವರದ ಚಿಹ್ನೆ ಒಂದೇ ಬಿಂದುವಾಗಿ 3274 ಇರಬಹುದು, ಇಲ್ಲವೇ ಎ ಚಿಹ್ನೆ 3270, ಊ ಚಿಹ್ನೆ 3266 ಎಂದು ಎರಡು ಬಿಂದುವಾಗಿಯೂ ಇರಬಹುದು. ಈ, ಏ, ಓ, ಐ ಚಿಹ್ನೆಗಳಿಗೂ ಇದೇ ಇಬ್ಬಂದಿ. ಅಲ್ಲಿ ಬಾಲವಾಗಿ ಬರುವುದು 3285, ಐ ಚಿಹ್ನೆಗೆ 3286. ಹಳೆಯ ಫಾಂಟ್‌ನಿಂದ ಯೂನಿಕೋಡಿಗೆ ತಿರುಗಿಸಿದ ಪಠ್ಯದಲ್ಲಿ ಒಡೆದ ರೂಪ ಹೆಚ್ಚು. ನಮ್ಮ ಏಳರಲ್ಲಿ ನಾಲ್ಕಕ್ಕೆ ಈ ಅಪಾಯವಿದೆ: ಶಿವಮೊಗ್ಗ, ತೀರ್ಥಹಳ್ಳಿ, ಹೊಸನಗರ, ಸೊರಬ. ಭದ್ರಾವತಿ, ಸಾಗರ, ಶಿಕಾರಿಪುರಗಳು ನಿಶ್ಚಿಂತೆ. ಪರೀಕ್ಷೆಗೆ ಸಾಗರವೊಂದನ್ನೇ ಇಟ್ಟುಕೊಂಡರೆ ಈ ದೋಷ ಜನ್ಮದಲ್ಲಿ ಸಿಗುವುದಿಲ್ಲ.

ಒಡೆದ ಸೊರಬದ ಲೆಕ್ಕ ಹಾಕಿದರೆ 184 + 134 + 15 = 333, ಶೇಷ 3, ಭದ್ರಾವತಿಯ ಖಾನೆ. ಒಡೆದ ಶಿವಮೊಗ್ಗ 400, ಒಡೆದ ಹೊಸನಗರ 340, ಎರಡೂ ಹೋಗಿ ಬೀಳುವುದು ಶಿಕಾರಿಪುರದ ಮೇಲೆ. ತೀರ್ಥಹಳ್ಳಿಯೊಂದು 388 ಆಗಿ ಖಾಲಿ ಖಾನೆಗೆ ಹೋಗುತ್ತದೆ. ಪೂರ್ತಿ ಹೋಲಿಕೆ ಬಿಟ್ಟಿದ್ದರೆ ಹೊಸನಗರದ ಜಡಿಮಳೆಯೆಲ್ಲ ಶಿಕಾರಿಪುರದ ಲೆಕ್ಕದಲ್ಲಿ ಸುರಿಯುತ್ತಿತ್ತು.

ಪರಿಹಾರ ಎರಡು ಕಡೆಯಿಂದ. ಒಳಬರುವ ಹೆಸರನ್ನು ಲೈಬ್ರರಿಯ ನಾರ್ಮಲೈಸ್ ಫಂಕ್ಷನ್ನಿನಿಂದ, ಒಡೆದ ಚಿಹ್ನೆಗಳು ಒಂದೇ ಬಿಂದುವಾಗಿ ಕೂಡಿದ ಎನ್‌ಎಫ್‌ಸಿ ರೂಪಕ್ಕೆ ತರುವುದು. ಈಗಾಗಲೇ ಸರಿಯಿದ್ದ ಸ್ಟ್ರಿಂಗನ್ನು ಅದು ಹಾಗೇ ಹಿಂತಿರುಗಿಸುತ್ತದೆ, ಹೊಸ ಮೆಮೊರಿ ಕೇಳುವುದಿಲ್ಲ. ಎನ್‌ಎಫ್‌ಸಿ ಮುಟ್ಟದ ಮೂರನ್ನು ನಾವೇ ತೆಗೆಯಬೇಕು: ಕಾಣದ ಗುರುತುಗಳಾದ 8204 (ಅಕ್ಷರಗಳು ಕೂಡದಂತೆ ಬಿಡಿಸುವುದು), 8205 (ಜೋಡಿಸುವುದು), ಮತ್ತು ಫೈಲಿನ ತಲೆಯಲ್ಲಿ ಕೂರುವ 65279. ಆಚೀಚೆಯ ಖಾಲಿ ಜಾಗ ತೆಗೆಯುವ ಸ್ಟ್ರಿಪ್ ಫಂಕ್ಷನ್ ಇವನ್ನು ಖಾಲಿ ಜಾಗವೆಂದು ಗಣಿಸುವುದಿಲ್ಲ. ಸಾಗರದ ಕೊನೆಗೆ ಒಂದು 8204 ಅಂಟಿದರೂ ಮೊತ್ತ 389 ಆಗಿ ಖಾಲಿಯಾದ 9ನೇ ಖಾನೆಗೆ ಹೋಗುತ್ತದೆ. ತೆಗೆಯುವುದು ಹುಡುಕಾಟದ ಪ್ರತಿಯಿಂದ ಮಾತ್ರ. ಊರಿನ ಅಂಕಣ ತೋರಿಸುವಾಗ 8204, 8205 ಬೇಕಾಗುತ್ತವೆ.

ಇನ್ನೊಂದು ಕಡೆ ಕೋಷ್ಟಕದ ಕೀಗಳು. ಸೋರ್ಸ್ ಫೈಲಿಗೇ ಒಡೆದ ರೂಪ ನುಸುಳಿದರೆ ಎನ್‌ಎಫ್‌ಸಿಯಾಗಿ ಬಂದ ಹೆಸರು ಎಂದೆಂದಿಗೂ ಹೊಂದುವುದಿಲ್ಲ. ಅದಕ್ಕೆ ಕಂಪೈಲ್ ಹೊತ್ತಿನ ಕಾವಲು: ಯಾವ ಕೀಯಲ್ಲೂ 3285 ಅಥವಾ 3286 ಇರಕೂಡದು, 3270ರ ಬೆನ್ನಿಗೆ 3266 ಬರಕೂಡದು, 8204 ಮತ್ತು 8205 ಇರಕೂಡದು. ಇಷ್ಟನ್ನು ನೋಡುವ ಹತ್ತು ಸಾಲಿನ ಫಂಕ್ಷನ್, ಅದರ ಮೇಲೊಂದು ಸ್ಟ್ಯಾಟಿಕ್ ಅಸರ್ಟ್, ಅಂದರೆ ಷರತ್ತು ತಪ್ಪಿದರೆ ಕಂಪೈಲನ್ನೇ ನಿಲ್ಲಿಸುವ ಸಾಲು. ದೋಷದ ಮಾತಿನಲ್ಲಿ ಕೀಯನ್ನೂ ಅದರ ಬೈಟ್ ಉದ್ದವನ್ನೂ ಸೇರಿಸಿ. ಹೆಸರೊಂದನ್ನೇ ತೋರಿಸಿದರೆ ಕಣ್ಣಿಗೆ ಸರಿಯಾಗಿಯೇ ಕಂಡು ಅರ್ಧ ದಿನ ಹೋಗುತ್ತದೆ.

ಈಗಿನ ಸ್ಥಿತಿ

ಹ್ಯಾಶ್ ಕೈಬಿಟ್ಟು ವಿಂಗಡಿಸಿದ ಅರೇಗೆ ಬಂದಿದ್ದೇವೆ. ಏಳು ಹೆಸರಿನಲ್ಲಿ ಅರ್ಧಿಸಿ ಹುಡುಕಿದರೆ ಹೆಚ್ಚೆಂದರೆ ಮೂರು ಹೋಲಿಕೆ, ಹ್ಯಾಶ್‌ನಲ್ಲಿ ಒಂದು. ದಿನಕ್ಕೆ ಕೆಲವು ನೂರು ಸಾಲಿಗೆ ಆ ವ್ಯತ್ಯಾಸ ಲೆಕ್ಕಕ್ಕಿಲ್ಲ. ಲೈಬ್ರರಿಯ ಸಾರ್ಟ್ ಕಂಪೈಲ್ ಹೊತ್ತಿನಲ್ಲೇ ಓಡುತ್ತದೆ. ವಿಂಗಡಿಸಿದ ಮೇಲೆ ಅಕ್ಕಪಕ್ಕದ ಎರಡು ಒಂದೇ ಆಗಿದ್ದರೆ ಇನ್ನೊಂದು ಸ್ಟ್ಯಾಟಿಕ್ ಅಸರ್ಟ್ ತಡೆಯುತ್ತದೆ. ಬರುವ ಕ್ರಮ ವರ್ಣಮಾಲೆಯದಲ್ಲ, ಯೂನಿಕೋಡಿನಲ್ಲಿ ಳ ಇರುವುದು ಲ ಮತ್ತು ವ ನಡುವೆ. ಹುಡುಕಾಟಕ್ಕೆ ಅದರಿಂದ ಬಾಧಕವಿಲ್ಲ, ಪಟ್ಟಿಯನ್ನು ಓದುಗರಿಗೆ ತೋರಿಸುವಾಗ ಮಾತ್ರ ಬೇರೆ ಕ್ರಮ ಬೇಕು.

ಶಿಮೊಗ್ಗ ಈಗ ಅದೇ ಅರೇಯಲ್ಲಿ ಎಂಟನೆಯ ಸಾಲು, ಶಿವಮೊಗ್ಗದ ಸಂಕೇತದೊಂದಿಗೇ. ಮುಂದೆ ಊರುಗಳ ಕೋಷ್ಟಕ: ಆಗುಂಬೆ ತೀರ್ಥಹಳ್ಳಿಗೆ, ಹುಲಿಕಲ್ ಹೊಸನಗರಕ್ಕೆ ಎಂದು ಜೋಡಿಸುವುದು. ಅಲ್ಲಿ ಹುಲಿಕಲ್ ಎಂದೂ ಹುಲಿಕಲ್ಲು ಎಂದೂ ಬರೆಯುವವರಿರುವುದರಿಂದ ಒಂದೇ ಸಂಕೇತಕ್ಕೆ ಹಲವು ಹೆಸರು ಸಹಜ. ಕಾವಲಿನ ಫಂಕ್ಷನ್ನನ್ನು ಅದಕ್ಕೂ ಹಾಗೇ ಬಳಸುತ್ತೇವೆ.