ಮೂವತ್ತೊಂದು ಬ್ಲೌಸ್, ಒಂಬತ್ತು ಕುಚ್ಚು

ಮದುವೆಯ ಆಲ್ಬಮ್ ಹುಡುಕಲು ಅಟ್ಟ ಹತ್ತಿದವನು ನಾನು. ಅತ್ತಿಗೆ ಅಣ್ಣನಿಗೆ ಕಿಡ್ನಿ ಕೊಡುವುದಕ್ಕೆ ಆಸ್ಪತ್ರೆಯವರು ಕೇಳಿದ್ದ ಕಾಗದಗಳಲ್ಲಿ ಮದುವೆಯ ಫೋಟೋ ಕೂಡ ಒಂದು. ಅವರಿಬ್ಬರೂ ನಿಜವಾದ ಗಂಡ ಹೆಂಡತಿಯೇ ಎಂದು ತೋರಿಸಬೇಕು. ಬೆಂಗಳೂರಿನ ಶ್ರೀನಗರದ ಆ ಬಾಡಿಗೆ ಮನೆಯ ಅಟ್ಟದಲ್ಲಿ ಥಂಡಿ ಹಿಡಿದು ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಧಾರೆಯ ಫೋಟೋ ಬಿಡಿಸುವಾಗ ಅಣ್ಣನ ಪೇಟ ಹರಿದುಹೋಯಿತು. “ಮುಖ ಉಳಿದಿದೆಯಲ್ಲ, ಸಾಕು” ಎಂದರು ಅತ್ತಿಗೆ.

ಅಷ್ಟು ಹೊತ್ತಿಗೆ ಅಣ್ಣನ ಡಯಾಲಿಸಿಸ್ ಶುರುವಾಗಿ ಹನ್ನೊಂದು ತಿಂಗಳಾಗಿತ್ತು. ವಾರಕ್ಕೆ ಮೂರು ಸಲ, ಪ್ರತಿ ಸಲ ನಾಲ್ಕು ಗಂಟೆ. ಎಳನೀರು ಬೇಡ, ಬಾಳೆಹಣ್ಣು ಬೇಡ, ಕುಡಿಯುವ ನೀರಿಗೂ ಅಳತೆ. ಒಳಗೆ ಯಂತ್ರ ಗುಂಯ್ಗುಡುತ್ತಿದ್ದರೆ ಹೊರಗಿನ ಬೆಂಚುಗಳಲ್ಲಿ ಕಾಯುವವರದೇ ಒಂದು ಊರು. ಕಿಡ್ನಿಯ ರಕ್ತಪರೀಕ್ಷೆಯಲ್ಲಿ ಯಾರ ಕ್ರಿಯಾಟಿನೈನ್ ಎಷ್ಟು, ಯಾರ ಮಗಳಿಗೆ ಗಂಡು ಗೊತ್ತಾಯಿತು, ಎಲ್ಲವೂ ಎಲ್ಲರಿಗೂ ಗೊತ್ತು.

ಆ ಬೆಂಚಿನಲ್ಲೇ ಒಬ್ಬರು ಒಮ್ಮೆ ನನ್ನ ಪಕ್ಕಕ್ಕೆ ಸರಿದು, “ದಾನಿ ಸಿಕ್ಕರೇ?” ಎಂದರು. ಇಲ್ಲ ಎಂದೆ. “ಎಂಟು ಲಕ್ಷಕ್ಕೆ ಒಬ್ಬ ಹುಡುಗ ಇದ್ದಾನಂತೆ. ಕಾಗದಪತ್ರ ಅವರೇ ಮಾಡಿಕೊಡುತ್ತಾರೆ. ನಿಮ್ಮ ಚಿಕ್ಕಮ್ಮನ ಮಗ ಎಂದು, ಪ್ರೀತಿಯಿಂದ ಕೊಡುತ್ತಿದ್ದಾನೆ ಎಂದು ಬರೆಸಿದರಾಯಿತು.” ಬೆಲೆ ಹೇಳುವಾಗ ಅವರ ಧ್ವನಿ ಸೈಟಿನ ವ್ಯವಹಾರದ ಧ್ವನಿಯಂತೆಯೇ ಇತ್ತು.

ನಾನು ಎದ್ದು ಹೋಗಲಿಲ್ಲ, ಛೀ ಎನ್ನಲೂ ಇಲ್ಲ. ಮನೆಗೆ ಹೋಗುವ ಬಸ್ಸಿನಲ್ಲಿ ಲೆಕ್ಕ ಹಾಕಿದೆ. ಭವಿಷ್ಯ ನಿಧಿಯಿಂದ ಇಷ್ಟು, ಹೆಂಡತಿಯ ಬಳೆಯಿಂದ ಇಷ್ಟು, ಮಿಕ್ಕದ್ದು ಸಾಲ. ನನ್ನ ರಕ್ತದ ಗುಂಪು ಅಣ್ಣನದೇ, ಬಿ ಪಾಸಿಟಿವ್. ಆದರೂ ಆ ಲೆಕ್ಕದಲ್ಲಿ ನನ್ನ ಕಿಡ್ನಿ ಬರಲೇ ಇಲ್ಲ. ಡಾಕ್ಟರು ಮನೆಯಲ್ಲಿ ಯಾರು ಕೊಡಬಹುದು ಎಂದು ಕೇಳಿದ್ದಾಗ ನಾನು “ನೋಡೋಣ ಸಾರ್” ಎಂದಿದ್ದೆ. ಮಗಳ ಪಿಯುಸಿ ಇದೆ, ನನಗೆ ಬಿಪಿ ಇರಬಹುದು. ಅದನ್ನು ಪರೀಕ್ಷೆ ಮಾಡಿಸಿರಲಿಲ್ಲ, ಬೇಕೆಂದೇ.

ಮಾರಾಟವನ್ನು ಸಮರ್ಥಿಸಿಕೊಳ್ಳಲು ಅವತ್ತು ರಾತ್ರಿ ನನ್ನಲ್ಲಿ ಒಳ್ಳೆಯ ವಾದವೇ ಇತ್ತು. ಕಸಿ ಮಾಡುವ ಡಾಕ್ಟರಿಗೆ ಹಣ, ಔಷಧ ಕಂಪನಿಗೆ ಹಣ, ಕೋಣೆಗೆ ಬಾಡಿಗೆ. ಕೊಡುವವನು ಮಾತ್ರ ಪುಕ್ಕಟೆ ಏಕೆ ಕೊಡಬೇಕು? ಇರಾನಿನಲ್ಲಿ 1988ರಿಂದ ಕಾನೂನುಬದ್ಧವಾಗಿಯೇ ಹಣ ಕೊಡುತ್ತಾರೆ. ಮೊಬೈಲಿನಲ್ಲಿ ಇದನ್ನೆಲ್ಲ ಹುಡುಕುತ್ತಿದ್ದಾಗಲೇ ಚೆನ್ನೈಯ ಅಧ್ಯಯನವೊಂದು ಸಿಕ್ಕಿತು, 2002ರಲ್ಲಿ ಪ್ರಕಟವಾದದ್ದು. ಕಿಡ್ನಿ ಮಾರಿದ್ದ 305 ಜನರನ್ನು ಮಾತನಾಡಿಸಿದ್ದರು. ನೂರಕ್ಕೆ ತೊಂಬತ್ತಾರು ಜನ ಮಾರಿದ್ದು ಸಾಲ ತೀರಿಸಲು. ಅವರಲ್ಲಿ ಮುಕ್ಕಾಲು ಪಾಲು ಜನ ಮಾತನಾಡಿಸುವ ಹೊತ್ತಿಗೂ ಸಾಲದಲ್ಲೇ ಇದ್ದರು. ಮನೆಯ ಆದಾಯ ಮೂರನೇ ಒಂದರಷ್ಟು ಇಳಿದಿತ್ತು. ನಮ್ಮ ಬೆಂಗಳೂರೂ ಸಾಚಾ ಅಲ್ಲ. ಅಂಗಗಳ ಮಾರಾಟವನ್ನು ನಿಷೇಧಿಸಿದ 1994ರ ಕಾನೂನು ಬರುವ ಮೊದಲು ಇದು ಕಿಡ್ನಿ ವ್ಯಾಪಾರಕ್ಕೆ ಹೆಸರಾಗಿದ್ದ ಊರು. ಈಗ ಸಿಕ್ಕಿಬಿದ್ದರೆ ಐದರಿಂದ ಹತ್ತು ವರ್ಷ ಜೈಲು, 20 ಲಕ್ಷದಿಂದ ಒಂದು ಕೋಟಿಯವರೆಗೆ ದಂಡ. ನನ್ನನ್ನು ತಡೆದದ್ದು ಜೈಲಿನ ಭಯವೋ ಆ 305 ಜನರೋ, ಈಗಲೂ ಖಚಿತವಾಗಿ ಹೇಳಲಾರೆ. ಸೈಟು ಕೊಳ್ಳಲೆಂದು ಕಿಡ್ನಿ ಮಾರಿದವರನ್ನು ನಾನಂತೂ ಕಂಡಿಲ್ಲ. ಆ ಹುಡುಗನಿಗೂ ಎಲ್ಲೋ ಬಡ್ಡಿ ಏರುತ್ತಿರಬೇಕು.

ಎರಡು ದಿನದ ಮೇಲೆ ಬ್ಲೌಸಿಗೆ ಹುಕ್ಕು ಹಚ್ಚುತ್ತ ಕುಳಿತಿದ್ದ ಅತ್ತಿಗೆ, “ನನ್ನದು ಓ ಪಾಸಿಟಿವ್. ಅದು ಯಾರಿಗಾದರೂ ಆಗುತ್ತದಂತಲ್ಲ” ಎಂದರು. ತಲೆ ಎತ್ತಲಿಲ್ಲ. ನನಗೆ ಹಾಯೆನಿಸಿತು. ಆ ಹಾಯನ್ನು ನೆನೆದರೆ ಇವತ್ತಿಗೂ ನಾಚಿಕೆ.

ಪರೀಕ್ಷೆಗಳು ತಿಂಗಳುಗಟ್ಟಲೆ ನಡೆದವು. ದಾನಿಗಳ ಸಾಲಿನಲ್ಲಿ ಅಮ್ಮಂದಿರು, ಹೆಂಡತಿಯರು, ಒಬ್ಬ ಅಕ್ಕ. ಒಳಗೆ ಯಂತ್ರಕ್ಕೆ ಹಾಕಿಸಿಕೊಂಡು ಮಲಗಿದ್ದವರು ಬಹುಪಾಲು ಗಂಡಸರು. ದೇಶದಲ್ಲೆಲ್ಲ ಇದೇ ಕಥೆ. ದಾನಿ ಹೆಂಗಸಾದರೆ ಹೆಚ್ಚು ಎಚ್ಚರ ವಹಿಸಬೇಕು, ಅವಳ ಒಪ್ಪಿಗೆ ಸ್ವಂತದ್ದೇ ಎಂದು ಕಿಡ್ನಿ ಪಡೆಯುವವರಲ್ಲದೆ ಬೇರೆಯವರು ಖಚಿತಪಡಿಸಬೇಕು ಎಂದು ನಿಯಮದಲ್ಲೇ ಇದೆ. ಅದಕ್ಕಾಗಿ ಅತ್ತಿಗೆಯ ಅಣ್ಣ ಚನ್ನಪಟ್ಟಣದಿಂದ ಬಂದರು. ಕೊನೆಗೆ ಅತ್ತಿಗೆಯನ್ನು ಒಬ್ಬರನ್ನೇ ಒಳಗೆ ಕರೆದು ಕೇಳಿದರಂತೆ: “ಇದಕ್ಕೆ ನಿಮಗೆ ಯಾರಾದರೂ ಹಣ ಕೊಟ್ಟಿದ್ದಾರೆಯೇ, ಕೊಡುತ್ತೇವೆ ಎಂದಿದ್ದಾರೆಯೇ?”

“ಯಾರು ಕೊಡುತ್ತಾರೆ ಸಾರ್? ಆಟೋಗೆ ನಾನೇ ಕೊಟ್ಟು ಬಂದಿದ್ದೇನೆ.”

ಅವರು ಅದನ್ನು ನಗುತ್ತಲೇ ಹೇಳಿದರು. ಅಣ್ಣನೂ ನಕ್ಕ. ನನಗೆ ಮಾತ್ರ ಆ ಆಟೋ ತಲೆಯಿಂದ ಇಳಿಯಲಿಲ್ಲ. ಗುರುತಿಲ್ಲದ ಹುಡುಗನಿಗೆ ಎಂಟು ಲಕ್ಷ ಹೊಂದಿಸಲು ಹೊರಟಿದ್ದವನು ಇವರಿಗೆ ಆಟೋ ಬಾಡಿಗೆಯನ್ನೂ ಕೊಟ್ಟಿರಲಿಲ್ಲ.

ಶಸ್ತ್ರಚಿಕಿತ್ಸೆ ಆಷಾಢದ ಕೊನೆಯಲ್ಲಿ ಆಯಿತು. ಅಣ್ಣ ಮೂರನೆಯ ದಿನ ಮೂತ್ರದ ಅಳತೆ ಹೇಳಿಕೊಂಡು ಸಂಭ್ರಮಿಸುತ್ತಿದ್ದ. ಅತ್ತಿಗೆಗೆ ಆರು ವಾರ ಭಾರ ಎತ್ತಬೇಡಿ ಎಂದರು. ಹೊಲಿಗೆ ಯಂತ್ರದ ಮುಂದೆ ಬಗ್ಗಿ ಕೂರಲೂ ಆಗುತ್ತಿರಲಿಲ್ಲ. ಬ್ಲೌಸ್ ಹೊಲಿಯುವವರಿಗೆ ವರಮಹಾಲಕ್ಷ್ಮಿ ಹಬ್ಬದ ಮುಂಚಿನ ವಾರಗಳೆಂದರೆ ಏನೆಂದು ಬೆಂಗಳೂರಿನ ಹೆಂಗಸರಿಗೆ ಹೇಳಬೇಕಾಗಿಲ್ಲ. ಆ ವರ್ಷ ಗಿರಾಕಿಗಳು ಸೀರೆಗಳನ್ನು ವಾಪಸ್ ಒಯ್ದರು.

ಅಂಗಕ್ಕೆ ಬೆಲೆ ಕಟ್ಟುವುದನ್ನು ಅಪರಾಧವೆನ್ನುವ ಅದೇ ಕಾನೂನು, ಕೊಡುವುದರಿಂದಲೇ ನೇರವಾಗಿ ಆದ ಖರ್ಚನ್ನೂ ತಪ್ಪಿದ ಸಂಪಾದನೆಯನ್ನೂ ಭರಿಸಿದರೆ ಅದನ್ನು ಆ ಬೆಲೆಯ ಲೆಕ್ಕಕ್ಕೆ ಸೇರಿಸುವುದಿಲ್ಲ. ಕೇಂದ್ರ ಸರ್ಕಾರಿ ನೌಕರರು ಅಂಗ ಕೊಟ್ಟರೆ 42 ದಿನಗಳವರೆಗೆ ವಿಶೇಷ ರಜೆಯೂ ಉಂಟು. ಮನೆಯಲ್ಲಿ ಹೊಲಿಯುವವರಿಗೆ ರಜೆ ಕೊಡುವವರು ಯಾರು? ಅವರ ಆರ್ಡರ್ ಪುಸ್ತಕವನ್ನು ನಾನೇ ಕೇಳಿ ತೆಗೆಸಿಕೊಂಡೆ. ಹೊಡೆದುಹಾಕಿದ ಹೆಸರುಗಳು: ಮೂವತ್ತೊಂದು ಬ್ಲೌಸ್, ನಾನೂರೈವತ್ತರಂತೆ. ಒಂಬತ್ತು ಸೀರೆಗಳ ಕುಚ್ಚು, ಮುನ್ನೂರರಂತೆ. ಒಟ್ಟು ಹದಿನಾರು ಸಾವಿರದ ಆರುನೂರೈವತ್ತು. ಲಕೋಟೆಯಲ್ಲಿಟ್ಟು ಕೊಟ್ಟೆ. ಬೇಡವೆನ್ನುತ್ತಾರೆ, ಒತ್ತಾಯ ಮಾಡಬೇಕಾಗುತ್ತದೆ ಎಂದುಕೊಂಡಿದ್ದೆ.

ಅತ್ತಿಗೆ ಲಕೋಟೆ ಬಿಡಿಸಿ ಎಣಿಸಿದರು. ಆರುನೂರು ರೂಪಾಯಿ ತೆಗೆದು ನನ್ನ ಕೈಗಿಟ್ಟರು.

“ಎರಡು ಕುಚ್ಚು ಹಾಸಿಗೆಯಲ್ಲೇ ಒರಗಿಕೊಂಡು ಮುಗಿಸಿಕೊಟ್ಟೆ. ಅದನ್ನು ಬಿಟ್ಟು ಲೆಕ್ಕ ಹಾಕಬೇಕಿತ್ತು.”