ಸೈಕಲ್ ಕಾರಿನ ಹಿಂದೆ, ನಾವು ಕೆರೆ ಏರಿ ಮೇಲೆ

ಡಿಸೆಂಬರ್ ಕೊನೆಗೆ ನಾಲ್ಕು ದಿನ ರಜೆ ಸಿಕ್ಕಿದ್ದೇ ತಡ, ಭಾವ ಹಾಳೆ ತುಂಬಾ ಪ್ಲ್ಯಾನ್ ಬರೆದಿಟ್ಟರು. ರಾಣೆಬೆನ್ನೂರಿನಲ್ಲಿ ಕೃಷ್ಣಮೃಗ, ಅಲ್ಲಿಂದ ಗದಗ ಜಿಲ್ಲೆಯ ಮಾಗಡಿ ಕೆರೆ, ರಾತ್ರಿ ಟೆಂಟ್, ಬೆಳಗ್ಗೆ ಸುತ್ತಲಿನ ಹಳ್ಳಿಗಳಲ್ಲಿ 40 ಕಿಲೋಮೀಟರ್ ಸೈಕಲ್. ಕಾರಿನ ಹಿಂದೆ ಎರಡು ಸೈಕಲ್ ಕಟ್ಟಿಕೊಂಡು ಬೆಂಗಳೂರು ಬಿಟ್ಟಾಗ ಟೋಲ್‌ನಲ್ಲಿ ಜನ ತಿರುಗಿ ನೋಡುತ್ತಿದ್ದರು. ನಾನೂ ಸ್ವಲ್ಪ ಎದೆ ಉಬ್ಬಿಸಿಕೊಂಡೇ ಕೂತಿದ್ದೆ.

ರಾಣೆಬೆನ್ನೂರಿನ ಅಭಯಾರಣ್ಯ 1974ರದ್ದು, 119 ಚದರ ಕಿಲೋಮೀಟರ್. ಕೃಷ್ಣಮೃಗಕ್ಕೆ ಬೇಕಾದ್ದು ಹುಲ್ಲಿನ ಬಯಲು, ಅಲ್ಲಿ ಜಾಸ್ತಿ ಇರೋದು ನೀಲಗಿರಿ ತೋಪು. ನಮಗೆ ಮೃಗಗಳು ಕಂಡದ್ದೂ ಹೊರಗಿನ ಹೊಲದಲ್ಲೇ! ಒಂದು ಕಪ್ಪು ಗಂಡು, ಏಳೆಂಟು ಹೆಣ್ಣು, ಎರಡು ನಿಮಿಷದಲ್ಲಿ ಮಾಯ.

ಮಾಗಡಿ ತಲುಪಿದಾಗ ಹೊತ್ತು ಮುಳುಗುತ್ತಿತ್ತು. ಕೆರೆ ಹತ್ತಿರ ಟೆಂಟ್ ಹಾಕೋದು ಸರಿಯಲ್ಲ ಅಂತ ಸ್ವಲ್ಪ ದೂರ ಹೋಗಿ ರೈತರೊಬ್ಬರನ್ನು ಕೇಳಿದೆವು. ಯಜಮಾನರು ಇಬ್ಬರನ್ನೂ ಒಮ್ಮೆ ನೋಡಿ, "ಹೊಲದಾಗ ಬ್ಯಾಡ್ರಿ, ಕಣದಾಗ ಹಾಕ್ರಿ" ಅಂದರು. ಕಣದ ಸುತ್ತ ಬಳ್ಳಾರಿ ಜಾಲಿಯ ಬೇಲಿ. ಆ ಬೇಲಿ ನಮಗೇನು ಮಾಡುತ್ತೆ ಅಂತ ಆಗ ಹೊಳೆಯಲೇ ಇಲ್ಲ.

ಚಳಿಗೆ ನಿದ್ದೆ ಹತ್ತಿರಲಿಲ್ಲ. ಯಾವ ಹೊತ್ತೋ ಏನೋ, ತಲೆ ಮೇಲೆ "ಆಂಗ್, ಆಂಗ್" ಅಂತ ಮೂಗಿನ ದನಿ, ಒಂದಲ್ಲ ಎರಡಲ್ಲ. ಟೆಂಟಿನ ಜಿಪ್ ಎಳೆದು ತಲೆ ಹೊರಗೆ ಹಾಕಿದರೆ ಕತ್ತಲಲ್ಲಿ ಏನೂ ಕಾಣುತ್ತಿಲ್ಲ, ಬರೀ ರೆಕ್ಕೆ ಸದ್ದು. ಪಟ್ಟೆತಲೆ ಹೆಬ್ಬಾತುಗಳು. ಟಿಬೆಟ್, ಮಂಗೋಲಿಯಾ ಕಡೆಯಿಂದ ಹಿಮಾಲಯ ದಾಟಿ ಬಂದ ಹಕ್ಕಿಗಳು ಮೇವಿಗೆ ಇಳಿದದ್ದು ಪಕ್ಕದ ಕಡಲೆ ಹೊಲಕ್ಕೆ. ಆ ಕಡೆಯಿಂದ ಯಜಮಾನರು ತಗಡು ಬಡಿಯುವ ಸದ್ದು. ಹಗಲು ಕೆರೆಯಲ್ಲಿ ವಿಶ್ರಾಂತಿ, ರಾತ್ರಿ ಹೊಲದಲ್ಲಿ ಊಟ ಅಂತ ಓದಿದ್ದೆ. ಊಟ ಯಾರದ್ದು ಅಂತ ಯೋಚಿಸಿರಲಿಲ್ಲ. "ರಾತ್ರಿ ಅವು ಬರ್ತಾವ, ಹಗಲಿಗೆ ಅವನ್ನ ನೋಡಾಕ ನೀವು ಬರ್ತೀರಿ" ಅಂದರು ಮರುದಿನ, ನಗುತ್ತಲೇ. ನನಗೆ ನಗು ಬರಲಿಲ್ಲ. ಈ ಕೆರೆಗೆ 2024ರಲ್ಲಿ ರಾಮ್ಸಾರ್ ಪಟ್ಟ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅನ್ನೋ ಮಾನ್ಯತೆ ಸಿಕ್ಕಿದೆ, ಒಳ್ಳೆಯದೇ, ಆದರೆ ತಗಡು ಬಡಿಯೋರು ಅವರೇ ಅಲ್ವಾ.

ಬೆಳಗ್ಗೆ ಸೈಕಲ್ ಇಳಿಸಿ ಇನ್ನೂರು ಮೀಟರ್ ಹೋಗಿಲ್ಲ, ನನ್ನ ಹಿಂದಿನ ಚಕ್ರ ಕೂತಿತು. ನೋಡ್ತಾ ನೋಡ್ತಾ ಭಾವನದ್ದು ಎರಡೂ. ಟೈರಿನ ತುಂಬಾ ಜಾಲಿ ಮುಳ್ಳು. ಪಂಕ್ಚರ್ ಸಾಮಾನಿತ್ತು, ಸಲ್ಯೂಷನ್ ಟ್ಯೂಬ್ ಮಾತ್ರ ಒಣಗಿ ಕಲ್ಲಾಗಿತ್ತು. ಸೈಕಲ್ ತಿರುಗಿ ಕಾರಿಗೆ ಕಟ್ಟಿ ನಡೆದೇ ಕೆರೆ ಏರಿ ಹತ್ತಿದೆವು.

ಸರಿಯಾದ ಹೊತ್ತಿಗೇ ಹತ್ತಿದ್ದೆವು. ಹೊಲಗಳಿಂದ ಹಿಂಡು ಹಿಂಡಾಗಿ ವಾಪಸ್ ಬರುತ್ತಿದ್ದವು. ನೀರು ಹತ್ತಿರವಾದಂತೆ ರೆಕ್ಕೆ ಬಾಗಿಸಿ, ಕಾಲು ಮುಂದೆ ಚಾಚಿ, ಜರ್ರನೆ ಜಾರಿ ನಿಲ್ಲುವುದು. ಬೈನಾಕ್ಯುಲರ್‌ನಲ್ಲಿ ಬಿಳಿ ತಲೆಯ ಹಿಂದಿನ ಎರಡು ಕಪ್ಪು ಪಟ್ಟೆ ಚೆನ್ನಾಗಿ ಕಾಣುತ್ತಿತ್ತು. ಎಣಿಸಲು ಶುರು ಮಾಡಿ ಇನ್ನೂರಕ್ಕೆ ಬಿಟ್ಟೆ.

ಕಣಕ್ಕೆ ಬಂದರೆ ಯಜಮಾನರು ರೊಟ್ಟಿ, ಶೇಂಗಾ ಚಟ್ನಿ ಹಿಡಿದು ನಿಂತಿದ್ದರು. ಕಾರಿನ ಹಿಂದೆ ನೋಡಿ, "ಅಷ್ಟು ದೂರದಿಂದ ಸೈಕಲ್ ತಂದೀರಿ, ಹತ್ತೂದಿಲ್ಲೇನ್ರಿ?" ಅಂದರು. ಭಾವ ತಲೆ ಎತ್ತದೆ ಮುಳ್ಳು ಕೀಳುತ್ತಾ ಕೂತಿದ್ದರು.