ನೀರು ಬಾರದ ಡಬ್ಬಿಯೊಳಗೆ ಆವಿ ಬಂದ ಬಗೆ

ಅಮ್ಮನಿಗಾಗಿ ನಾನೇ ರೂಪಿಸಿ ಕಟ್ಟಿದ್ದ ಮಾತ್ರೆ ಯಂತ್ರದ ಮುಚ್ಚಳವನ್ನು ಇಪ್ಪತ್ತೆರಡನೆಯ ದಿನ ಬೆಳಿಗ್ಗೆ ತೆರೆದಾಗ ಮೊದಲು ಬಂದದ್ದು ವಿನೆಗರ್ ವಾಸನೆ. ವಾಸನೆ ಬಲು ಸಣ್ಣದು. ಮೂಗನ್ನು ಡಬ್ಬಿಯ ಬಾಯಿಗೆ ತಂದರೆ ಮಾತ್ರ ತಿಳಿಯುವಷ್ಟು. ಆದರೆ ಅದರ ಅರ್ಥ ನನಗೆ ಗೊತ್ತಿತ್ತು. ಆಸ್ಪಿರಿನ್ ತೇವವನ್ನು ಹೀರಿಕೊಂಡರೆ ಒಡೆದು ಸ್ಯಾಲಿಸಿಲಿಕ್ ಆಮ್ಲವೂ ಅಸಿಟಿಕ್ ಆಮ್ಲವೂ ಆಗುತ್ತದೆ, ವಿನೆಗರ್‌ಗೆ ಆ ಹುಳಿ ವಾಸನೆಯನ್ನು ಕೊಡುವುದೂ ಇದೇ ಅಸಿಟಿಕ್ ಆಮ್ಲ. ಹೊತ್ತಿಗೆ ಸರಿಯಾಗಿ ಗಂಟೆ ಬಾರಿಸಿ, ದೀಪ ಬೆಳಗಿಸಿ, ಎಣಿಸಿದಷ್ಟೇ ಮಾತ್ರೆಯನ್ನು ಬಟ್ಟಲಿಗೆ ಬೀಳಿಸುತ್ತಿದ್ದ ಆ ಯಂತ್ರ, ತನ್ನ ಹೊಟ್ಟೆಯೊಳಗಿದ್ದ ಔಷಧವನ್ನು ಸದ್ದಿಲ್ಲದೆ ಕೆಡಿಸುತ್ತಿತ್ತು.

ಯಂತ್ರವೆಂದರೆ ಅಂಥ ದೊಡ್ಡದೇನಲ್ಲ. ಸುಮಾರು 600 ಮಿಲಿಲೀಟರ್ ಹಿಡಿಯುವ ದುಂಡನೆಯ ಡಬ್ಬಿ, ಅದರೊಳಗೆ ತಿಂಗಳ ಮಾತ್ರೆಗಳನ್ನು ಮನೆಮನೆಯಾಗಿ ತುಂಬಿಡುವ ಚಕ್ರ, ಚಕ್ರವನ್ನು ತಿರುಗಿಸಲು ಪುಟ್ಟ ಮೋಟರು. ಎಲ್ಲವನ್ನೂ ತ್ರೀಡಿ ಪ್ರಿಂಟರಿನಲ್ಲಿ ಪಿಎಲ್‌ಎ ಪ್ಲಾಸ್ಟಿಕ್ಕಿನಿಂದ ಅಚ್ಚು ಹಾಕಿಕೊಂಡಿದ್ದೆ. ಗೋಡೆ ಎರಡು ಮಿಲಿಮೀಟರ್ ದಪ್ಪ. ಮುಚ್ಚಳಕ್ಕೆ ಸಿಲಿಕೋನ್ ರಬ್ಬರಿನ ಉಂಗುರ, ಒಳಗೆ ತೇವ ಹೀರಲೆಂದು ಎರಡು ಗ್ರಾಂನ ಎರಡು ಸಿಲಿಕಾ ಜೆಲ್ ಪೊಟ್ಟಣಗಳು. ಮುಗಿಸಿದ ದಿನ ಡಬ್ಬಿಯನ್ನು ಬಕೆಟ್ಟಿನ ನೀರಿನಲ್ಲಿ ಅದುಮಿ ಹಿಡಿದು ನೋಡಿದ್ದೆ. ಒಂದು ಗುಳ್ಳೆಯೂ ಮೇಲೆ ಬರಲಿಲ್ಲ, ಒಂದು ಹನಿಯೂ ಒಳಗೆ ಹೋಗಲಿಲ್ಲ. ಆ ಪರೀಕ್ಷೆಯ ಮೇಲೆ ನಾನಿಟ್ಟ ನಂಬಿಕೆಯೇ ಮುಂದಿನ ಎರಡು ತಿಂಗಳ ಕೆಲಸಕ್ಕೆ ಕಾರಣವಾಯಿತು.

ಮೊದಲು ನನ್ನ ಅನುಮಾನ ಹೋದದ್ದು ಮುಚ್ಚಳ ತೆರೆಯುವ ಕ್ರಿಯೆಯ ಮೇಲೆ. ಮಾತ್ರೆ ಬೀಳುವ ಕಿಂಡಿ ತೆರೆದಾಗಲೆಲ್ಲ ಹೊರಗಿನ ಹಸಿ ಗಾಳಿ ಒಳಗೆ ನುಗ್ಗುತ್ತದೆ, ಜೆಲ್ ಅದನ್ನು ಹೀರಿ ಹೀರಿ ಸುಸ್ತಾಗುತ್ತದೆ ಎಂಬುದು ನನ್ನ ತರ್ಕ. ಕಾಗದದ ಮೇಲೆ ಲೆಕ್ಕ ಹಾಕಿದೆ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 30 ಗ್ರಾಂನಷ್ಟು ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ತೇವಾಂಶ ಶೇಕಡಾ 80 ಇದ್ದರೆ 24 ಗ್ರಾಂ. ಅಂದರೆ ನನ್ನ ಡಬ್ಬಿಯ ಗಾಳಿ ಪೂರ್ತಿ ಬದಲಾದರೂ ಒಳಗೆ ಬರುವ ನೀರು 14–15 ಮಿಲಿಗ್ರಾಂ. ದಿನಕ್ಕೆ ಎರಡು ಬಾರಿ ತೆರೆದರೆ 30 ಮಿಲಿಗ್ರಾಂ. ಸಿಲಿಕಾ ಜೆಲ್ ತನ್ನ ಸುತ್ತಲಿನ ತೇವಾಂಶವನ್ನು ಶೇಕಡಾ 20ರ ಆಸುಪಾಸಿನಲ್ಲಿ ಉಳಿಸಿಕೊಂಡು ತನ್ನ ತೂಕದ ಹತ್ತರಲ್ಲೊಂದು ಪಾಲಿನಷ್ಟು ನೀರನ್ನು ಹೀರಬಲ್ಲದು. ತೇವಾಂಶ ಏರಲು ಬಿಟ್ಟರೆ ಇನ್ನೂ ಎರಡು ಮೂರು ಪಟ್ಟು ಹೀರುತ್ತದೆ. ಹೀಗಾಗಿ ನಾಲ್ಕು ಗ್ರಾಂ ಜೆಲ್ ಒಂದು ತಿಂಗಳು ತಾಳಿಕೊಳ್ಳಬೇಕಿತ್ತು. ಮೂರು ವಾರದಲ್ಲಿ ಆಸ್ಪಿರಿನ್ ಹುಳಿಯಾಗುವುದಕ್ಕೆ ಈ ಲೆಕ್ಕದಲ್ಲಿ ಎಡೆಯೇ ಇರಲಿಲ್ಲ.

ಲೆಕ್ಕ ಒಂದು ಹೇಳಿ ಮೂಗು ಇನ್ನೊಂದು ಹೇಳಿದಾಗ ತೂಗಿ ನೋಡುವುದೇ ದಾರಿ. ಜೆಲ್ ಪೊಟ್ಟಣಗಳನ್ನು 120 ಡಿಗ್ರಿಯ ಓವನ್‌ನಲ್ಲಿ ಎರಡು ಗಂಟೆ ಒಣಗಿಸಿ, ಪುಟ್ಟ ಗಾಜಿನ ಸೀಸೆಯಲ್ಲಿ ಹಾಕಿ ಮುಚ್ಚಿ ತಣಿಸಿ, ಸೀಸೆಯ ಸಮೇತ ತೂಗಿದೆ. ಬರಿದಾಗಿ ತಟ್ಟೆಯ ಮೇಲಿಟ್ಟರೆ ಒಣಗಿದ ಜೆಲ್ ತೂಗುವಷ್ಟರಲ್ಲೇ ಗಾಳಿಯಿಂದ ನೀರು ಕುಡಿಯತೊಡಗುತ್ತದೆ, ತಕ್ಕಡಿಯ ಕೊನೆಯ ಅಂಕಿ ಕಣ್ಣೆದುರೇ ಏರುತ್ತದೆ. ಡಬ್ಬಿಯೊಳಗೆ ಒಂದು ತೇವಾಂಶ ಸೆನ್ಸರನ್ನೂ ಕೂರಿಸಿದೆ. ಅದನ್ನು ಹಾಗೇ ನಂಬಬಾರದೆಂದು, ನೀರಿನಲ್ಲಿ ಕಲಸಿ ಕೆಸರಿನಂತಾದ ಅಡುಗೆ ಉಪ್ಪಿನ ಜೊತೆ ಮುಚ್ಚಿದ ಪಾತ್ರೆಯಲ್ಲಿ ಒಂದು ರಾತ್ರಿ ಇಟ್ಟಿದ್ದೆ. ಅಂಥ ಉಪ್ಪಿನ ಮೇಲಿನ ಗಾಳಿ ಶೇಕಡಾ 75ರ ತೇವಾಂಶದಲ್ಲಿ ನಿಲ್ಲುತ್ತದೆ. ನನ್ನ ಸೆನ್ಸರ್ 71 ತೋರಿಸಿತು. ಆ ಮಟ್ಟದಲ್ಲಿ ಅದು ನಾಲ್ಕು ಅಂಕಿ ಕಡಿಮೆ ಹೇಳುತ್ತದೆಂದು ಬರೆದಿಟ್ಟುಕೊಂಡೆ.

ಮಾತ್ರೆಗಳಿಲ್ಲದೆ, ಕಿಂಡಿಯನ್ನು ಒಮ್ಮೆಯೂ ತೆರೆಯದೆ, ಡಬ್ಬಿಯನ್ನು ಏಳು ದಿನ ಇಟ್ಟೆ. ಜೆಲ್‌ನ ತೂಕ 640 ಮಿಲಿಗ್ರಾಂ ಏರಿತ್ತು. ದಿನಕ್ಕೆ ತೊಂಬತ್ತು ಮಿಲಿಗ್ರಾಂ. ತೆರೆದು ಮುಚ್ಚುವುದರಿಂದ ಬರುತ್ತದೆಂದು ನಾನು ಹೆದರಿದ್ದಕ್ಕಿಂತ ಮೂರು ಪಟ್ಟು ನೀರು, ಮುಚ್ಚಿದ ಡಬ್ಬಿಯೊಳಕ್ಕೆ ತಾನಾಗಿಯೇ ಬಂದಿತ್ತು.

ಹಾಗಾದರೆ ಮುಚ್ಚಳದ ಸಂದಿನಿಂದಲೇ ಬರುತ್ತಿರಬೇಕು ಎಂದುಕೊಂಡು, ಸಂದಿನ ಸುತ್ತ, ಕಿಂಡಿಯ ಸುತ್ತ, ಮೋಟರಿನ ಕಂಬಿ ಹಾದುಹೋಗುವ ತೂತಿನ ಸುತ್ತ ಅಲ್ಯೂಮಿನಿಯಂ ಹಾಳೆಯ ಅಂಟುಪಟ್ಟಿಯನ್ನು ಎರಡು ಸುತ್ತು ಬಿಗಿದೆ. ಇನ್ನೊಂದು ವಾರ ಕಾದೆ. ಈ ಬಾರಿ 570 ಮಿಲಿಗ್ರಾಂ. ಇಷ್ಟೆಲ್ಲ ಬಿಗಿದಿದ್ದಕ್ಕೆ ಕಡಿಮೆಯಾದದ್ದು ಎಪ್ಪತ್ತು ಮಿಲಿಗ್ರಾಂ ಮಾತ್ರ. ತಕ್ಕಡಿಯೇ ಕೆಟ್ಟಿದೆಯೆಂದು ತಿಳಿದು ಅದನ್ನು ತೂಕದ ಕಲ್ಲಿನಿಂದ ಮತ್ತೆ ಪರೀಕ್ಷಿಸಿದೆ. ತಕ್ಕಡಿಯದೇನೂ ತಪ್ಪಿರಲಿಲ್ಲ. ಮೂರನೆಯ ವಾರ, ಹೆಚ್ಚೇನೂ ಆಸೆ ಇಟ್ಟುಕೊಳ್ಳದೆ, ಡಬ್ಬಿಯ ಮೈಯನ್ನು ಮೇಲಿನಿಂದ ಕೆಳಗಿನವರೆಗೆ ಅದೇ ಅಂಟುಪಟ್ಟಿಯಿಂದ ಸುತ್ತಿಬಿಟ್ಟೆ. ಏಳು ದಿನದ ನಂತರ ಏರಿದ್ದ ತೂಕ 30 ಮಿಲಿಗ್ರಾಂ.

ಆ ಅಂಕಿಯನ್ನು ಬರೆದುಕೊಂಡ ಮಧ್ಯಾಹ್ನ ನನಗೆ ಬಹಳ ಹೊತ್ತು ಬೇರೆ ಕೆಲಸ ಮಾಡಲಾಗಲಿಲ್ಲ. ನೀರು ಬರುತ್ತಿದ್ದದ್ದು ಸಂದಿನಿಂದಲ್ಲ, ಗೋಡೆಯಿಂದ. ನೀರಿನ ಹನಿಗೆ ಗೋಡೆಯಾಗಿದ್ದದ್ದು ನೀರಾವಿಗೆ ಗೋಡೆಯಾಗಿರಲಿಲ್ಲ. ಪ್ಲಾಸ್ಟಿಕ್ಕಿನ ಉದ್ದನೆಯ ಅಣುಗಳ ನಡುವೆ ಒಂದೊಂದೇ ನೀರಿನ ಅಣು ಕರಗಿ ಸೇರಿಕೊಂಡು, ಹಸಿಯಾದ ಹೊರಮೈಯಿಂದ ಒಣಗಿದ ಒಳಮೈ ಕಡೆಗೆ ಮೆಲ್ಲನೆ ಸರಿದು, ಅಲ್ಲಿ ಮತ್ತೆ ಆವಿಯಾಗಿ ಬಿಡುಗಡೆಯಾಗುತ್ತದೆ. ಅದಕ್ಕೆ ತೂತು ಬೇಕಿಲ್ಲ, ಆದ್ದರಿಂದಲೇ ಬಕೆಟ್ಟಿನಲ್ಲಿ ಗುಳ್ಳೆ ಕಾಣಲಿಲ್ಲ. ಪಿಎಲ್‌ಎ ಈ ವಿಷಯದಲ್ಲಿ ಬಲು ಸಡಿಲವಾದ ಪ್ಲಾಸ್ಟಿಕ್ಕು. ಅದರ ಮೇಲೆ, ತ್ರೀಡಿ ಪ್ರಿಂಟರ್ ಪದರದ ಮೇಲೆ ಪದರ ಹಾಕುವಾಗ ನಡುವೆ ಉಳಿಯುವ ಕೂದಲೆಳೆಯಂಥ ಸಂದುಗಳು ಬೇರೆ. ಇನ್ನೊಂದು ಮುಜುಗರದ ಸಂಗತಿಯನ್ನೂ ಹೇಳಿಬಿಡಬೇಕು. ಒಳಗೆ ಜೆಲ್ ಇಟ್ಟು ಗಾಳಿಯನ್ನು ಒಣಗಿಸಿದಷ್ಟೂ ಹೊರಗಿಗೂ ಒಳಗಿಗೂ ನಡುವಣ ಆವಿಯ ಒತ್ತಡದ ವ್ಯತ್ಯಾಸ ಹೆಚ್ಚುತ್ತದೆ, ಗೋಡೆಯ ಮೂಲಕ ಬರುವ ನೀರೂ ಹೆಚ್ಚುತ್ತದೆ. ಕೆಟ್ಟ ಗೋಡೆಯ ಡಬ್ಬಿಯಲ್ಲಿ ಜೆಲ್ ಇಡುವುದೆಂದರೆ ಹೊರಗಿನ ಆವಿಯನ್ನು ಕರೆದು ಕೂರಿಸಿದಂತೆಯೇ.

ಔಷಧದ ಸೀಸೆಗಳನ್ನು ಏಕೆ ಆ ಬಿಳಿಯ, ಮಂದವಾದ ಎಚ್‌ಡಿಪಿಇ ಪ್ಲಾಸ್ಟಿಕ್ಕಿನಲ್ಲಿ ಮಾಡುತ್ತಾರೆಂಬುದು ಅಂದು ಅರ್ಥವಾಯಿತು. ನೋಡಲು ಅದು ಸಾದಾ ವಸ್ತು, ಆದರೆ ನೀರಾವಿಯನ್ನು ಪಿಎಲ್‌ಎಗಿಂತ ಎಷ್ಟೋ ಪಟ್ಟು ಚೆನ್ನಾಗಿ ತಡೆಯುತ್ತದೆ. ಅಗಲ ಬಾಯಿಯ ಎಚ್‌ಡಿಪಿಇ ಜಾಡಿಯೊಂದನ್ನು ತಂದು ನನ್ನ ಚಕ್ರವನ್ನು ಅದರೊಳಗೆ ಕೂರಿಸಿದೆ. ಸಿಲಿಕೋನ್ ಉಂಗುರವನ್ನೂ ಎಸೆದೆ. ಬಿಸಿ ತಣ್ಣಗೆ ಎಲ್ಲಕ್ಕೂ ತಾಳುವ, ಎಲ್ಲರೂ ಹೊಗಳುವ ಸಿಲಿಕೋನ್, ರಬ್ಬರುಗಳ ಪೈಕಿ ನೀರಾವಿಯನ್ನು ಅತಿ ಧಾರಾಳವಾಗಿ ಬಿಟ್ಟುಕೊಡುವಂಥದ್ದು. ಬ್ಯುಟೈಲ್ ರಬ್ಬರ್ ಅದಕ್ಕೆ ತದ್ವಿರುದ್ಧ, ಆದ್ದರಿಂದ ಅದರ ಉಂಗುರ ಹಾಕಿದೆ.

ಹೊಸ ಜಾಡಿಯಲ್ಲಿ ಮೊದಲ ಮೂರು ದಿನ ಜೆಲ್ ಮತ್ತೆ 300 ಮಿಲಿಗ್ರಾಂ ಏರಿದಾಗ ಯಂತ್ರವನ್ನೇ ಕೈಬಿಡುವ ಮನಸ್ಸಾಯಿತು. ನಾಲ್ಕನೆಯ ದಿನದಿಂದ ಏರಿಕೆ ಥಟ್ಟನೆ ಇಳಿಯಿತು. ಒಳಗಿದ್ದ ಎಂಬತ್ತು ಗ್ರಾಂ ತೂಕದ ಪಿಎಲ್‌ಎ ಚಕ್ರ ಇಷ್ಟು ದಿನ ಕೋಣೆಯ ಗಾಳಿಯಿಂದ ಹೀರಿಟ್ಟುಕೊಂಡಿದ್ದ ನೀರನ್ನು ಕಕ್ಕುತ್ತಿತ್ತು, ಅಷ್ಟೆ. ಔಷಧದ ಸೀಸೆಯಲ್ಲಿ ಬರುವ ಹತ್ತಿಯ ಉಂಡೆಯನ್ನು ತೆರೆದ ಮೇಲೆ ತೆಗೆದುಬಿಡಿ ಎನ್ನುವುದೂ ಇಂಥದೇ ಕಾರಣಕ್ಕೆ. ಹತ್ತಿ ತೇವವನ್ನು ಹಿಡಿದು ಮಾತ್ರೆಯ ಪಕ್ಕದಲ್ಲೇ ಕೂರುತ್ತದೆ.

ಗೋಡೆಯ ಸಮಸ್ಯೆ ತೀರಿದ ಮೇಲೆ, ನಾನು ಮೊದಲು ಹೆದರಿದ್ದ ಕಿಂಡಿಯೇ ಈಗ ದೊಡ್ಡ ಬಾಬತ್ತಾಯಿತು. ಇದಕ್ಕೆ ಹೊಳೆದ ಉಪಾಯ ದೊಡ್ಡ ಕಟ್ಟಡಗಳ ಬಾಗಿಲಲ್ಲಿರುವ ತಿರುಗುಬಾಗಿಲಿನದು. ಜಾಡಿಯ ತಳದಲ್ಲಿ ಮೂರು ಮಿಲಿಲೀಟರಿನ ಒಂದು ಗುಂಡಿಯುಳ್ಳ ಉರುಳೆಯನ್ನು ಕೂರಿಸಿದೆ. ಗುಂಡಿ ಮೇಲ್ಮುಖವಾಗಿದ್ದಾಗ ಮಾತ್ರೆ ಅದರೊಳಗೆ ಬೀಳುತ್ತದೆ, ಉರುಳೆ ಅರ್ಧ ಸುತ್ತು ತಿರುಗಿದರೆ ಮಾತ್ರೆ ಹೊರಗಿನ ಬಟ್ಟಲಿಗೆ ಜಾರುತ್ತದೆ. ಒಳಗಿಗೂ ಹೊರಗಿಗೂ ಯಾವ ಕ್ಷಣದಲ್ಲೂ ನೇರ ದಾರಿ ಇರುವುದಿಲ್ಲ. ಮರಳಿ ಬರುವಾಗ ಗುಂಡಿ ಹೊತ್ತು ತರುವ ಹಸಿ ಗಾಳಿಯಲ್ಲಿರುವ ನೀರು ಒಂದು ಮಿಲಿಗ್ರಾಂನ ಹತ್ತನೆಯ ಒಂದು ಪಾಲಿಗಿಂತಲೂ ಕಡಿಮೆ. ದಿನಕ್ಕೆ ಎರಡು ಬಾರಿ ಮಾತ್ರೆ ತೆಗೆದರೂ ವಾರಕ್ಕೆ ಜೆಲ್ ಏರಿದ ತೂಕ 26 ಮಿಲಿಗ್ರಾಂ. ನಾಲ್ಕು ಗ್ರಾಂ ಜೆಲ್‌ಗೆ ಮೂರು ತಿಂಗಳ ಆಯುಸ್ಸು ಬಂದಂತಾಯಿತು.

ಉರುಳೆಯನ್ನು ಮೋಟರಿನ ಬದಲು ಕೈಯಿಂದಲೇ ತಿರುಗಿಸುವಂತೆ ಮಾಡಿದ್ದೆ, ವಿದ್ಯುತ್ತು ಹೋದರೂ ಔಷಧ ತಪ್ಪಬಾರದೆಂದು. ಅಮ್ಮನ ಮುಂದಿಟ್ಟೆ. ಗಂಟುಗಳು ಊದಿದ ಬೆರಳಿನಿಂದ ಅವರು ಒಮ್ಮೆ, ಎರಡು ಬಾರಿ, ಮೂರು ಬಾರಿ ಹಿಡಿಯನ್ನು ಒತ್ತಿದರು. ಅದು ಕದಲಲಿಲ್ಲ.

"ಇದು ಡಬ್ಬಿಯೇನೋ, ಬೀಗವೇನೋ?" ಎಂದರು.

ಆವಿ ನುಸುಳದಂತೆ ರಬ್ಬರನ್ನು ಎಷ್ಟು ಒತ್ತುತ್ತೇವೋ ಅಷ್ಟೇ ಅದು ಉರುಳೆಯನ್ನು ಹಿಡಿದು ನಿಲ್ಲಿಸುತ್ತದೆ. ಒಣಗಿರುವುದಕ್ಕೂ ತೆರೆಯಲು ಸುಲಭವಾಗಿರುವುದಕ್ಕೂ ನಡುವೆ ಇರುವ ಈ ಜಗಳವನ್ನು ತಕ್ಕಡಿಯ ಮುಂದೆ ಕುಳಿತ ಆರು ವಾರಗಳಲ್ಲಿ ನಾನು ಒಮ್ಮೆಯೂ ನೆನೆದಿರಲಿಲ್ಲ. ಅವರ ಕೈಯನ್ನು ಮೊದಲ ದಿನವೇ ನೋಡಬೇಕಿತ್ತು. ಹಿಡಿಯ ಉದ್ದವನ್ನು ನಾಲ್ಕರಿಂದ ಒಂಬತ್ತು ಸೆಂಟಿಮೀಟರಿಗೆ ಹೆಚ್ಚಿಸಿದೆ, ಬೆರಳಿನ ಬದಲು ಅಂಗೈಯಿಂದ ಒತ್ತುವಂತೆ ತುದಿಯನ್ನು ಅಗಲ ಮಾಡಿದೆ, ರಬ್ಬರಿನ ಒತ್ತಡವನ್ನೂ ತುಸು ಸಡಿಲಿಸಿದೆ. ವಾರಕ್ಕೆ 26 ಇದ್ದದ್ದು 38 ಮಿಲಿಗ್ರಾಂ ಆಯಿತು. ಆ ಹನ್ನೆರಡು ಮಿಲಿಗ್ರಾಂ ಬಿಟ್ಟುಕೊಟ್ಟದ್ದಕ್ಕೆ ನನಗೆ ಸ್ವಲ್ಪವೂ ಬೇಸರವಿಲ್ಲ.

ಇನ್ನು ಎಲ್ಲ ಸರಿಯಾಯಿತೆಂದು ಮಾತ್ರೆಗಳನ್ನೂ ಕ್ಯಾಪ್ಸೂಲುಗಳನ್ನೂ ತುಂಬಿದೆ. ಒಳಗಿನ ತೇವಾಂಶ ಶೇಕಡಾ 12ಕ್ಕೆ ಇಳಿದದ್ದನ್ನು ನೋಡಿ ಹಿಗ್ಗಿದೆ. ಹತ್ತನೆಯ ದಿನ ಬಟ್ಟಲಿಗೆ ಬಿದ್ದದ್ದು ಒಡೆದ ಕ್ಯಾಪ್ಸೂಲಿನ ಚೂರುಗಳು ಮತ್ತು ಪುಡಿ. ಗಟ್ಟಿ ಕ್ಯಾಪ್ಸೂಲಿನ ಜೆಲಾಟಿನ್ ಚಿಪ್ಪಿನಲ್ಲಿ ತೂಕದ ಶೇಕಡಾ 13ರಿಂದ 16ರಷ್ಟು ನೀರು ಇರಲೇಬೇಕು. ಆ ನೀರೇ ಅದನ್ನು ಬಾಗುವಂತೆ ಇಡುತ್ತದೆ. ಹೆಚ್ಚಾದರೆ ಅಂಟುತ್ತದೆ, ಶೇಕಡಾ ಹತ್ತಕ್ಕಿಂತ ಕೆಳಗಿಳಿದರೆ ಗಾಜಿನಂತೆ ಸಿಡಿಯುತ್ತದೆ. ನಾನು ಆಸ್ಪಿರಿನ್ನಿಗೆ ಕಟ್ಟಿದ ಮನೆಯಲ್ಲಿ ಕ್ಯಾಪ್ಸೂಲು ಬಾಳಲಾರದಾಗಿತ್ತು.

ಅಂದು ಸಂಜೆ, ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ. ಅಮ್ಮನ ಔಷಧಗಳ ಜೊತೆ ಬರುವ ಕರಪತ್ರಗಳನ್ನು ಒಂದೊಂದಾಗಿ ಓದಿದೆ, ಬಿಡುವಿನಲ್ಲಿದ್ದ ಫಾರ್ಮಸಿಸ್ಟರೊಬ್ಬರ ಬಳಿ ಹೋಗಿ ಕೂತೆ. ಸೋಡಿಯಂ ವ್ಯಾಲ್‌ಪ್ರೊಯೇಟ್‌ನಂಥ ಮಾತ್ರೆಗಳು ಗಾಳಿಯ ತೇವವನ್ನು ಎಷ್ಟು ಆತುರದಿಂದ ಎಳೆದುಕೊಳ್ಳುತ್ತವೆಂದರೆ ಸೇವಿಸುವ ಗಳಿಗೆಯವರೆಗೂ ಸ್ಟ್ರಿಪ್ಪಿನಿಂದ ಬಿಡಿಸಬಾರದು, ಡಬಿಗಟ್ರಾನ್ ಕ್ಯಾಪ್ಸೂಲನ್ನು ಅದರ ಮೂಲ ಸೀಸೆಯಿಂದ ಅಥವಾ ಸ್ಟ್ರಿಪ್ಪಿನಿಂದ ಬೇರೆ ಯಾವ ಡಬ್ಬಿಗೂ ಬದಲಾಯಿಸಬಾರದು, ನಾಲಿಗೆಯಡಿ ಇಡುವ ನೈಟ್ರೊಗ್ಲಿಸರಿನ್ ಮಾತ್ರೆಯ ಔಷಧವೇ ಆವಿಯಾಗಿ ಪ್ಲಾಸ್ಟಿಕ್ಕಿಗೆ ಸೇರಿಹೋಗುವುದರಿಂದ ಅದು ಗಾಜಿನ ಸೀಸೆಯಲ್ಲೇ ಇರಬೇಕು ಎಂದು ಅವರು ವಿವರಿಸಿದರು. ಸ್ಟ್ರಿಪ್ಪನ್ನು ಒಂದೊಂದು ಮಾತ್ರೆಯ ತುಂಡಾಗಿ ಕತ್ತರಿಸಿ ಯಂತ್ರಕ್ಕೆ ತುಂಬಿದರೆ ಹೇಗೆ ಎಂದು ಕೇಳಿದೆ. ಉಪಾಯ ಜಾಣತನದ್ದೆಂದೇ ನನಗನ್ನಿಸಿತ್ತು. ಅವರು ಬೇಡವೆಂದು ತಲೆಯಾಡಿಸಿಬಿಟ್ಟರು. ಕಣ್ಣು ಮಂಜಾದ ಹಿರಿಯರು ಆ ಚೂಪು ಮೂಲೆಯ ತುಂಡನ್ನು ಮಾತ್ರೆಯೆಂದೇ ನುಂಗಿ ಅನ್ನನಾಳಕ್ಕೆ ಗಾಯ ಮಾಡಿಕೊಂಡ ಪ್ರಕರಣಗಳು ವೈದ್ಯರಿಗೆ ಹೊಸತಲ್ಲವಂತೆ. ಎರಡೂ ಕಡೆ ಅಲ್ಯೂಮಿನಿಯಂ ಇರುವ ಸ್ಟ್ರಿಪ್ಪನ್ನು ಕೈಯಲ್ಲಿ ಹಿಡಿದು, "ನೀವು ಎರಡು ತಿಂಗಳು ಪಟ್ಟ ಪಾಡು ಇದರಲ್ಲಿ ಆಗಲೇ ಇದೆಯಲ್ಲ" ಎಂದು ನಕ್ಕರು. ಅವರ ಮಾತಿಗೆ ಎದುರಾಡಲು ನನ್ನ ಬಳಿ ಏನೂ ಇರಲಿಲ್ಲ. ಅಂಟುಪಟ್ಟಿ ಸುತ್ತಿದ ನನ್ನ ಡಬ್ಬಿಯೂ ಅದನ್ನೇ ಹೇಳಿತ್ತು.

ಈಗ ಯಂತ್ರದ ಜಾಡಿಯೊಳಗೆ ಇರುವುದು, ಬಿಡಿಯಾಗಿ ಇಡಬಹುದೆಂದು ಫಾರ್ಮಸಿಸ್ಟರು ಒಪ್ಪಿದ ಎರಡು ಬಗೆಯ ಮಾತ್ರೆಗಳು ಮಾತ್ರ, ಅದೂ ಎರಡು ವಾರಕ್ಕೆ ಆಗುವಷ್ಟು. ಕ್ಯಾಪ್ಸೂಲಿನ ಸ್ಟ್ರಿಪ್ಪು ಯಂತ್ರದ ಬೆನ್ನಿಗೆ ಸಿಕ್ಕಿಸಿದ ತಂತಿಯ ಹಿಡಿಕೆಯಲ್ಲಿ ನಿಂತಿರುತ್ತದೆ, ಅದರ ಹೊತ್ತಿಗೆ ಅಲ್ಲೊಂದು ಹಸಿರು ದೀಪ ಹೊತ್ತುತ್ತದೆ, ಬಿಡಿಸಿಕೊಳ್ಳುವುದು ಅಮ್ಮನ ಕೆಲಸ. ಎರಡು ವಾರಕ್ಕೊಮ್ಮೆ ತುಂಬುವಾಗ ನಾನು ಜೆಲ್ ಪೊಟ್ಟಣವನ್ನು ಸೀಸೆಗೆ ಹಾಕಿ ತೂಗುತ್ತೇನೆ. ಕಳೆದ ಬಾರಿ 79 ಮಿಲಿಗ್ರಾಂ ಏರಿತ್ತು. ಅಮ್ಮ ಪಕ್ಕದಲ್ಲೇ ಕುಳಿತು ಅಂಕಿಯನ್ನು ಚೀಟಿಯಲ್ಲಿ ಬರೆದುಕೊಳ್ಳುತ್ತಾರೆ. ಬರೆಯುವ ಮೊದಲು ಜಾಡಿಯ ಬಾಯಿಗೆ ಮೂಗಿಟ್ಟು ಒಮ್ಮೆ ಮೂಸಿ ನೋಡಿ, "ಹುಳಿ ಇಲ್ಲ, ಬರಿ" ಎಂದು ತಮಗೆ ತಾವೇ ಹೇಳಿಕೊಳ್ಳುತ್ತಾರೆ.